ಒಂದು ಕೈ, ಹಲವು ಕಲೆ

ಕಳೆದ ಸಂಕ್ರಾಂತಿಯ ಮರುದಿನ ಕುಸುರೆಳ್ಳು ಕೊಟ್ಟು ಬರೋಣವೆಂದು ಡೊಂಬಿವಲಿಯಲ್ಲಿರುವ ಸ್ನೇಹಿತರೊಬ್ಬರ ಮನೆಗೆ ಹೋಗಿದ್ದೆವು. ಅವರು ಗದಗಿನ ಕಡೆಯವರು. ಮುಂಬಯಿಗೆ ಬಂದು ಮೂವತ್ತು ವರ್ಷಗಳಾದುವು. ಸಂಘದ ನಾಡಹಬ್ಬಕ್ಕೆ ತಪ್ಪದೆ ಬರುವ, ವರ್ಗಣಿಯನ್ನು ಕೇಳುವ ಮೊದಲೇ ಕೊಟ್ಟುಬಿಡುವ ಮನೆತನ. ಬಾಗಿಲು ತೆರೆದಾಗಲೇ ಒಳಗಿನ ಹವೆ ಸರಿಯಾಗಿಲ್ಲವೆಂದು ನಮಗೆ ತಿಳಿಯಿತು. ಮಗಳು ಕಿಟಕಿಯ ಕಡೆಗೆ ಮುಖ ಮಾಡಿ ಕುಳಿತಿದ್ದಳು. ತಾಯಿ ಅಡಿಗೆಮನೆಯಿಂದ ಹೊರಗೆ ಬರಲಿಲ್ಲ. ಮೇಜಿನ ಮೇಲೆ ಕಾಲೇಜಿನ ಒಂದು ಫಾರಂ ಬಿದ್ದಿತ್ತು.

"ಬರ್ರಿ, ಬರ್ರಿ. ನೀವು ಬಂದದ್ದು ಛಲೋ ಆತು. ಈಕಿಗೆ ನಾಕು ಮಾತು ಬುದ್ಧಿ ಹೇಳ್ರಿ," ಎಂದರು ಸ್ನೇಹಿತರು. "ಒಂದೂವರಿ ವರ್ಷದಾಗ ನಾಕು ವಿದ್ಯಾ ಹಿಡದಾಳ. ಮೊದಲ ಬಣ್ಣಾ ಅಂದ್ಳು. ಆಮ್ಯಾಲೆ ಮಣ್ಣು ಕಲಸಲಿಕ್ಕೆ ಕೂತ್ಳು. ದೀಪಾವಳಿ ಆದ ಕೂಡಲೆ ಮರದ ಹಲಿಗಿ ಕೆತ್ತಲಿಕ್ಕೆ ಸುರು ಮಾಡಿದ್ಳು. ಈಗ ಕಥಕ್ ಕಲೀತೀನಿ ಅಂತಾಳ್ರಿ! ಚಿತ್ರಾ ತಗಿಯೋ ಹುಡುಗಿಗೆ ಗೆಜ್ಜಿ ಯಾಕ ಬೇಕ್ರಿ?"

ಹುಡುಗಿ ತಿರುಗಿ ನೋಡದೆಯೇ ಉತ್ತರ ಕೊಟ್ಟಳು: "ಅಪ್ಪಾ, ಕುಣಿಯೋ ಮನಿಷ್ಯಾನ ಚಿತ್ರಾ ತಗದ್ರ ನಿಂತಾಂವನ ಹಂಗ ಬರತದ. ಅದಕ್ಕ."

ಸಂಗತಿ ಇಷ್ಟು. ಆಕೆ ನಗರದ ಒಂದು ಕಲಾಶಾಲೆಯಲ್ಲಿ ಎರಡನೆಯ ವರ್ಷದಲ್ಲಿ ಓದುತ್ತಾಳೆ. ಮುಂದೆ ಯಾವ ವಿಭಾಗವೆಂಬುದನ್ನು ತಿಂಗಳ ಕೊನೆಯೊಳಗೆ ಬರೆದುಕೊಡಬೇಕು. ಜಾಹೀರಾತಿನ ಕಲೆಯನ್ನು ಆರಿಸಿಕೊಂಡರೆ ಯಾವುದಾದರೊಂದು ಕಚೇರಿಯಲ್ಲಿ ಕೆಲಸ ಸಿಕ್ಕೀತು ಎಂಬುದು ತಂದೆಯ ಲೆಕ್ಕ. ಮಗಳಿಗೆ ಇನ್ನೂ ನೋಡಬೇಕು, ಇನ್ನೂ ಹುಡುಕಬೇಕು ಎಂಬ ಹಂಬಲ. ತಂದೆಯದು ಕಲ್ಲು ಮನಸ್ಸೇನೂ ಅಲ್ಲ. ಒಂದು ಟ್ರಂಕು ಹಿಡಿದುಕೊಂಡು ಈ ಊರಿಗೆ ಬಂದವರು ಅವರು. ಮನೆಯ ಸಾಲದ ಕಂತು ಇನ್ನೂ ತೀರಿಲ್ಲ, ಮಗ ಇಂಜಿನಿಯರಿಂಗಿನಲ್ಲಿದ್ದಾನೆ. ಮಗಳು ಊರೂರು ತಿರುಗುವ ದಾಸರ ಹಾಗೆ ಕಲೆಯಿಂದ ಕಲೆಗೆ ತಿರುಗುತ್ತ ಕೊನೆಗೆ ಎಲ್ಲಿಯೂ ನೆಲೆ ನಿಲ್ಲದೆ ಹೋದರೆ ಹೇಗೆ ಎಂಬ ಚಿಂತೆ ಯಾವ ತಂದೆಗಾದರೂ ಸಹಜವೇ.

ಆ ದಿನ ನಾವು ಬುದ್ಧಿ ಹೇಳಲಿಲ್ಲ. ಹೇಳುವ ಅಧಿಕಾರ ನಮಗೆ ಇಲ್ಲವೆಂದು ಮನಸ್ಸಿಗೆ ಹೊಳೆಯಿತು. ನಮ್ಮ ತಮ್ಮನೊಬ್ಬ ಶಾಲೆಗೆ ಹೋಗುವ ಕಾಲದಲ್ಲಿ ಸೀಮೆಸುಣ್ಣದ ಕಡ್ಡಿಯಲ್ಲಿ ಗಣಪತಿಯನ್ನು ಕೆತ್ತುತ್ತಿದ್ದ. ಸೊಂಡಿಲಿನ ಸುರುಳಿಯನ್ನೂ ಕೈಯೊಳಗಿನ ಮೋದಕವನ್ನೂ ಗುಂಡುಸೂಜಿಯ ಮೊನೆಯಿಂದ ತೆಗೆಯುತ್ತಿದ್ದ. ಇದರಿಂದ ಹೊಟ್ಟೆ ತುಂಬುವುದಿಲ್ಲವೆಂದು ನಾವೆಲ್ಲರೂ ಸೇರಿ ಅವನನ್ನು ಟೈಪಿಂಗ್ ತರಗತಿಗೆ ಹಾಕಿದೆವು. ಅವನು ಒಳ್ಳೆಯ ಗುಮಾಸ್ತನಾದ, ಸಂಸಾರಿಯಾದ, ನಿವೃತ್ತಿಯೂ ಆಯಿತು. ಈಗ ಮೊಮ್ಮಕ್ಕಳಿಗಾಗಿ ಸಾಬೂನಿನ ತುಂಡುಗಳಲ್ಲಿ ಆನೆ ಕುದುರೆಗಳನ್ನು ಕೆತ್ತುತ್ತಾನೆ. ಒಂದು ದಿನವೂ ಅವನು ನಮ್ಮನ್ನು ದೂರಿದವನಲ್ಲ. ಅವನು ದೂರದೆ ಇರುವುದೇ ನಮ್ಮನ್ನು ಹೆಚ್ಚು ಚುಚ್ಚುತ್ತದೆ.

ಆದ್ದರಿಂದ ಬುದ್ಧಿವಾದಕ್ಕೆ ಬದಲಾಗಿ ಸ್ನೇಹಿತರಿಗೆ ಒಂದು ಕಥೆಯನ್ನು ಹೇಳಿದೆವು. ಚಿತ್ರ ಬರೆಯುವವನಿಗೆ ಗೆಜ್ಜೆ ಯಾಕೆ ಬೇಕು ಎಂಬ ಅವರ ಪ್ರಶ್ನೆಗೆ ಇದೇ ಮುಂಬಯಿಯಲ್ಲಿ ನಮ್ಮವರೇ ಆದ ಒಬ್ಬರು ಬಹಳ ಹಿಂದೆಯೇ ಉತ್ತರ ಕೊಟ್ಟಿದ್ದಾರೆ. ಅವರು ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು.

ಹೆಬ್ಬಾರರು ಹುಟ್ಟಿದ್ದು 1911ರಲ್ಲಿ, ಉಡುಪಿಯ ಹತ್ತಿರದ ಕಟ್ಟಿಂಗೇರಿಯಲ್ಲಿ. ಯಕ್ಷಗಾನದ ಚೆಂಡೆ, ಕೋಳಿ ಅಂಕ, ಜಾತ್ರೆ, ನಾಗಾರಾಧನೆಗಳ ಸೀಮೆ ಅದು. ಅಲ್ಲಿಂದ ಅವರು ಮುಂಬಯಿಗೆ ಬಂದು ಸರ್ ಜೆ. ಜೆ. ಕಲಾಶಾಲೆಯಲ್ಲಿ ಓದಿ 1938ರಲ್ಲಿ ಡಿಪ್ಲೊಮಾ ಪಡೆದರು. 1940ರಿಂದ 1945ರ ವರೆಗೆ ಅಲ್ಲಿಯೇ ಪಾಠ ಹೇಳಿದರು. ಆ ಶಾಲೆ 1857ರಲ್ಲಿ ಸ್ಥಾಪನೆಯಾದದ್ದು. ಕಣ್ಣಿಗೆ ಕಂಡುದನ್ನು ಕಂಡ ಹಾಗೆಯೇ, ನೆರಳು ಬೆಳಕಿನ ಸಮೇತ ಕಾಗದದ ಮೇಲೆ ಇಳಿಸುವ ಪಾಶ್ಚಾತ್ಯ ಪದ್ಧತಿಗೆ ಹೆಸರಾದದ್ದು. ಆ ಪದ್ಧತಿಯಲ್ಲಿ ಹೆಬ್ಬಾರರು ನುರಿತರು. ಡಿಪ್ಲೊಮಾ ಬಂತು, ಮೇಷ್ಟರ ಕೆಲಸ ಬಂತು. ಬೇರೆ ಯಾರಾದರೂ ಆಗಿದ್ದರೆ ಇಷ್ಟಕ್ಕೇ ಸಂತೋಷಪಟ್ಟು ಕುಳಿತುಬಿಡುತ್ತಿದ್ದರು.

ಹೆಬ್ಬಾರರಿಗೆ ಮಾತ್ರ ತೃಪ್ತಿಯಾಗಲಿಲ್ಲ. ಕೈ ಪಳಗಿತ್ತು, ಆದರೆ ಬರೆದದ್ದು ತನ್ನದೆನಿಸುತ್ತಿರಲಿಲ್ಲ. ಹಾಗಾಗಿ ಕಲಿತು ಮುಗಿಸಿದ ಮೇಲೆ ಅವರು ಮತ್ತೆ ಹುಡುಕಲು ಹೊರಟರು. ಜೈನ ಹಸ್ತಪ್ರತಿಗಳ ಪುಟ್ಟ ಚಿತ್ರಗಳನ್ನು ನೋಡಿದರು. ರಜಪೂತ ಚಿತ್ರಗಳನ್ನು ನೋಡಿದರು. ಅಜಂತಾದ ಗೋಡೆಗಳನ್ನು ನೋಡಿದರು. ಕೇರಳದಲ್ಲಿಯೂ ಗುಜರಾತಿನಲ್ಲಿಯೂ ಸಂಚಾರ ಮಾಡಿದರು. ಈ ಹುಡುಕಾಟದ ಕಾಲದಲ್ಲಿ ಅವರ ಮನಸ್ಸನ್ನು ಹಿಡಿದ ಚಿತ್ರಕಾರರಲ್ಲಿ ಇಬ್ಬರು ಮುಖ್ಯರು: ಅಮೃತಾ ಶೇರ್‌ಗಿಲ್ ಮತ್ತು ಫ್ರಾನ್ಸಿನ ಪಾಲ್ ಗೋಗ್ಯಾಂ.

ಇಲ್ಲಿ ಒಂದು ಸೊಗಸಾದ ಸರಪಣಿ ಇದೆ. ಗೋಗ್ಯಾಂ ಮೊದಲು ಪ್ಯಾರಿಸ್ಸಿನ ಷೇರುಪೇಟೆಯಲ್ಲಿ ದುಡಿಯುತ್ತಿದ್ದವನು. ಆ ಕೆಲಸವನ್ನು ಬಿಟ್ಟು ಚಿತ್ರಕ್ಕೆ ಇಳಿದು 1891ರಲ್ಲಿ ತಾಹಿತಿ ದ್ವೀಪಕ್ಕೆ ಹೋದ. ಅಗಲವಾಗಿ ಹರಡಿದ ಗಾಢ ಬಣ್ಣಗಳಿಗೆ ಹೆಸರಾದ ಅವನು ಬಣ್ಣವೊಂದನ್ನೇ ಹಿಡಿದುಕೊಂಡಿರಲಿಲ್ಲ. ಮರ ಕೆತ್ತಿದ, ಮಣ್ಣಿನ ಪಾತ್ರೆಗಳನ್ನು ಮಾಡಿದ, ಮರದ ಹಲಗೆಯಿಂದ ಅಚ್ಚು ತೆಗೆದ. ಪ್ಯಾರಿಸ್ಸಿನಲ್ಲಿ ಓದುತ್ತಿದ್ದ ಅಮೃತಾ ಶೇರ್‌ಗಿಲ್ ಅವನ ಚಿತ್ರಗಳಿಂದ ಸ್ಫೂರ್ತಿ ಪಡೆದಳು. ಭಾರತಕ್ಕೆ ಮರಳಿದ ಮೇಲೆ ಅಜಂತಾವನ್ನು ನೋಡಿ, ದಕ್ಷಿಣದಲ್ಲಿ ಕನ್ಯಾಕುಮಾರಿಯ ತನಕ ಸುತ್ತಾಡಿ, 1937ರಲ್ಲಿ ದಕ್ಷಿಣ ಭಾರತದ ಜನರನ್ನು ಕುರಿತ ತನ್ನ ಮೂರು ಪ್ರಸಿದ್ಧ ಚಿತ್ರಗಳನ್ನು ಬರೆದಳು. 1941ರಲ್ಲಿ, ಕೇವಲ 28 ವರ್ಷ ವಯಸ್ಸಿನಲ್ಲಿ, ಲಾಹೋರಿನಲ್ಲಿ ತೀರಿಕೊಂಡಳು. ಅಷ್ಟು ಸಣ್ಣ ಆಯುಸ್ಸಿನಲ್ಲಿ ಅವಳು ಹಚ್ಚಿದ ದೀಪದಿಂದ ತಮ್ಮ ದೀಪವನ್ನು ಹೊತ್ತಿಸಿಕೊಂಡವರಲ್ಲಿ ನಮ್ಮ ಹೆಬ್ಬಾರರೂ ಒಬ್ಬರು. ಅವರು ಕೇರಳದ ಹಿತ್ತಿಲುಗಳನ್ನೂ ಹೆಂಗಸರನ್ನೂ ಬಿಸಿಲನ್ನೂ ಬರೆದ ಆ ಮೊದಲ ಘಟ್ಟದ ಚಿತ್ರಗಳನ್ನು ನೋಡಿದವರಿಗೆ ಈ ನಂಟು ಕಾಣುತ್ತದೆ. ಸ್ಫೂರ್ತಿಯೆಂದರೆ ನಕಲಲ್ಲ. ಒಬ್ಬರ ಮನೆಯ ಹೆಪ್ಪನ್ನು ತಂದು ನಮ್ಮ ಮನೆಯ ಹಾಲಿಗೆ ಹಾಕಿದರೆ ಆಗುವ ಮೊಸರು ನಮ್ಮದೇ ಅಲ್ಲವೆ?

ಇನ್ನು ಗೆಜ್ಜೆಯ ಮಾತು. ಹೆಬ್ಬಾರರ ಮನಸ್ಸನ್ನು ಬಹಳವಾಗಿ ಕಾಡಿದ ವಿಷಯ ಲಯ. ನಿಂತ ಕಾಗದದ ಮೇಲೆ ಚಲನೆ ಹೇಗೆ ಬಂದೀತು? ಇದನ್ನು ತಿಳಿಯಲು ಅವರು ಪುಸ್ತಕವನ್ನು ಹುಡುಕಲಿಲ್ಲ. ಪಂಡಿತ ಸುಂದರಪ್ರಸಾದರ ಬಳಿಗೆ ಹೋಗಿ ಕಥಕ್ ಕಲಿತರು. ಚಿತ್ರಕಾರನೊಬ್ಬ ಹುಡುಗರ ಜೊತೆಗೆ ನಿಂತು ಪಾದ ತಟ್ಟುವುದನ್ನು ಕಂಡು ಆಗಲೂ ಯಾರಾದರೂ ನಕ್ಕಿದ್ದರೆ ಆಶ್ಚರ್ಯವಿಲ್ಲ. ಆದರೆ ಕಥಕ್ಕನ್ನು ನೋಡಿದವರು ಒಂದು ಕ್ಷಣ ಯೋಚಿಸಲಿ. ತೀನ್ ತಾಲದ 16 ಮಾತ್ರೆಗಳಲ್ಲಿ ನರ್ತಕ ಪಾದದಿಂದ ಲೆಕ್ಕ ಹಿಡಿಯುತ್ತಾನೆ. ಗಿರಗಿರನೆ ಚಕ್ಕರ್ ಹೊಡೆಯುತ್ತಾನೆ. ಸರಿಯಾಗಿ ಸಮ್ ಬಿದ್ದಾಗ ಗಕ್ಕನೆ ನಿಲ್ಲುತ್ತಾನೆ. ನಿಂತ ಮೇಲೂ ಅವನ ಮೈಯಲ್ಲಿ ತಿರುಗಿದ ವೇಗ ಉಳಿದಿರುತ್ತದೆ. ಚಿತ್ರದ ಗೆರೆಯೂ ಹೀಗೆಯೇ. ಅದು ಎಲ್ಲಿ ಓಡಬೇಕು, ಎಲ್ಲಿ ಭಾರ ಊರಬೇಕು, ಎಲ್ಲಿ ತಟಕ್ಕನೆ ನಿಲ್ಲಬೇಕು ಎಂಬುದು ಕಣ್ಣಿಗೆ ಮಾತ್ರವಲ್ಲದೆ ಮೈಗೂ ಗೊತ್ತಿರಬೇಕು. ಮೈಗೆ ಗೊತ್ತಾದದ್ದು ಕೈಗೆ ಬರುತ್ತದೆ.

ಮುಂದೆ ಹೆಬ್ಬಾರರ ರೇಖಾಚಿತ್ರಗಳು ದೇಶದಲ್ಲೆಲ್ಲಾ ಹೆಸರಾದುವು. ನಾಲ್ಕಾರು ಗೆರೆ ಎಳೆದರೆ ಸಾಕು, ಮೃದಂಗ ಬಾರಿಸುವವನ ತೋಳಿನ ಬಲವೂ ಕುಣಿಯುವವಳ ಬಳುಕೂ ಎದ್ದು ಬರುತ್ತಿದ್ದುವು. 1964ರಲ್ಲಿ ಈ ರೇಖೆಗಳ ಸಂಗ್ರಹವೊಂದು ಇಂಗ್ಲಿಷಿನಲ್ಲಿ 'ಹಾಡುವ ರೇಖೆ' ಎಂಬರ್ಥದ ಹೆಸರಿನಿಂದ ಹೊರಬಂದಿತು. ಹೆಸರೇ ಎಲ್ಲವನ್ನೂ ಹೇಳುತ್ತದೆ. ಅವರು ನರ್ತಕರಾಗಲಿಲ್ಲ, ಆಗಬೇಕೆಂದು ಹೊರಟವರೂ ಅಲ್ಲ. ಗೆಜ್ಜೆ ಕಟ್ಟಿದ್ದು ಕುಂಚಕ್ಕಾಗಿ.

ಅಷ್ಟಕ್ಕೂ ಅವರ ವಿದ್ಯಾರ್ಥಿತನ ಮುಗಿಯಲಿಲ್ಲ. 1949ರಲ್ಲಿ, 38 ವರ್ಷದವರಾಗಿ, ಸ್ವತಃ ಮೇಷ್ಟರಾಗಿದ್ದವರು, ಪ್ಯಾರಿಸ್ಸಿಗೆ ಹೋಗಿ ಅಕಾಡೆಮಿ ಜೂಲಿಯಾಂ ಎಂಬ ಶಾಲೆಯಲ್ಲಿ ಮತ್ತೆ ಬೆಂಚಿನ ಮೇಲೆ ಕುಳಿತರು. ಚಿತ್ರದ ಜೊತೆಗೆ ಅಚ್ಚಿನ ಕೆಲಸವನ್ನೂ ಅಭ್ಯಾಸ ಮಾಡಿದರು. ಯೂರೋಪನ್ನು ನೋಡಿ ಬಂದವರು ಕೊನೆಗೆ ಬರೆದದ್ದು ಏನನ್ನು? ಕೋಳಿ ಅಂಕವನ್ನು, ನಾಗಮಂಡಲವನ್ನು, ಜಾತ್ರೆಯನ್ನು, ಕಟ್ಟಡ ಕಟ್ಟುವ ಕೂಲಿಗಳನ್ನು. ಎಷ್ಟು ದೂರ ಸುತ್ತಿದರೂ ದಾರಿ ಕಟ್ಟಿಂಗೇರಿಯ ಅಂಗಳಕ್ಕೇ ಬಂದು ಕೂಡಿತು. 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಅವರನ್ನು ಹುಡುಕಿಕೊಂಡು ಬಂದುವು. 1996ರಲ್ಲಿ ಅವರು ಮುಂಬಯಿಯಲ್ಲಿಯೇ ತೀರಿಕೊಂಡರು. ಕಾಲಾಘೋಡಾದ ಜಹಾಂಗೀರ್ ಆರ್ಟ್ ಗ್ಯಾಲರಿಯ ಮುಂದೆ ನಮ್ಮಲ್ಲಿ ಅನೇಕರು ದಿನಾಲೂ ಹಾದುಹೋಗುತ್ತೇವೆ. 1952ರಲ್ಲಿ ತೆರೆದ ಆ ಗ್ಯಾಲರಿಯನ್ನು ಕಟ್ಟಿಸಿಕೊಡಿರೆಂದು ಸರ್ ಕಾವಸಜಿ ಜಹಾಂಗೀರರನ್ನು ಒತ್ತಾಯಪಡಿಸಿದವರು ವಿಜ್ಞಾನಿ ಹೋಮಿ ಭಾಭಾ ಅವರೂ ನಮ್ಮ ಹೆಬ್ಬಾರರೂ. ಮುಂಬಯಿಯ ಕಲಾವಿದರಿಗೆ ಒಂದು ಮನೆ ಸಿಕ್ಕಿದ್ದರಲ್ಲಿ ತುಳುನಾಡಿನ ಒಂದು ದನಿಯೂ ಇದೆ ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಬೇಡವೆ?

ಕಥೆ ಕೇಳಿದ ಸ್ನೇಹಿತರು ತಲೆದೂಗಿದರು, ಆದರೆ ಸೋಲಲಿಲ್ಲ. "ಅವರು ದೊಡ್ಡವರ್ರಿ. ಒಬ್ಬರನ್ನ ನೋಡಿ ಎಲ್ಲಾರೂ ಹಂಗ ಮಾಡಲಿಕ್ಕೆ ಆಗತದೇನು?" ಎಂದರು. ನ್ಯಾಯವಾದ ಪ್ರಶ್ನೆಯೇ. ಆದ್ದರಿಂದ ಇನ್ನೊಬ್ಬರ ಕಡೆಗೆ ತಿರುಗಬೇಕಾಯಿತು.

ಮೈಸೂರಿನ ಕೆ. ವೆಂಕಟಪ್ಪನವರು ಅರಮನೆಯ ಚಿತ್ರಗಾರರ ಮನೆತನದಲ್ಲಿ ಹುಟ್ಟಿದವರು. ಮನೆಯಲ್ಲಿಯೇ ವಿದ್ಯೆ ಇತ್ತು. ತಂದೆ ಮಾಡಿದ್ದನ್ನು ಮಾಡಿಕೊಂಡು ಇದ್ದುಬಿಟ್ಟಿದ್ದರೆ ಊಟಕ್ಕೆ ತೊಂದರೆ ಇರಲಿಲ್ಲ. ಆದರೆ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಿಂದ ಅವರು 1909ರಲ್ಲಿ ಕಲ್ಕತ್ತೆಯ ಕಲಾಶಾಲೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ಮೈಸೂರಿನಿಂದ ಕಲ್ಕತ್ತೆ ಎಂದರೆ ಆ ಕಾಲಕ್ಕೆ ವಿದೇಶವೇ. ಭಾಷೆ ಬೇರೆ, ಊಟ ಬೇರೆ, ಚಿತ್ರದ ರೀತಿಯೂ ಬೇರೆ. ಮನೆಯಲ್ಲಿ ಅವರು ಕಂಡದ್ದು ಚಿನ್ನದ ರೇಕು ಅಂಟಿಸಿದ ಮೈಸೂರು ಶೈಲಿ. ಅಲ್ಲಿ ಕಲಿತದ್ದು ಬಣ್ಣ ಹಚ್ಚಿದ ಕಾಗದವನ್ನು ನೀರಿನಲ್ಲಿ ಅದ್ದಿ, ಒಣಗಿಸಿ, ಮತ್ತೆ ಬಣ್ಣ ಹಚ್ಚಿ, ಮಂಜಿನಂಥ ಮೃದುತನವನ್ನು ತರುವ ತೊಳೆತದ ಪದ್ಧತಿ. ಇದರ ಹಿಂದೆಯೂ ಒಂದು ಸರಪಣಿ ಇದೆ: ಜಪಾನಿನಿಂದ ಬಂದಿದ್ದ ಚಿತ್ರಕಾರರನ್ನು ನೋಡಿ ಅವನೀಂದ್ರನಾಥರು ರೂಢಿಸಿಕೊಂಡ ಪದ್ಧತಿ ಅದು. ಸಹಪಾಠಿಯಾಗಿ ನಂದಲಾಲ ಬೋಸರಂಥವರು ಸಿಕ್ಕಿದರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಪುರಾಣಕಥೆಗಳ ಗ್ರಂಥವು 1913ರಲ್ಲಿ ಅಚ್ಚಾದಾಗ ಅದರಲ್ಲಿ ಸೇರಿದ ಚಿತ್ರಗಳಲ್ಲಿ ವೆಂಕಟಪ್ಪನವರ ಚಿತ್ರಗಳೂ ಇದ್ದುವು.

ಮೈಸೂರಿಗೆ ಮರಳಿದ ಮೇಲೆ ಅವರನ್ನು ವೀಣೆ ಹಿಡಿಯಿತು. ಗುರು ಸಾಮಾನ್ಯರಲ್ಲ, ವೀಣೆ ಶೇಷಣ್ಣನವರು. ವೆಂಕಟಪ್ಪನವರ ಅಭ್ಯಾಸ ಎಷ್ಟು ತೀವ್ರವಾಯಿತೆಂದರೆ ಕುಂಚ ಮೂಲೆಗೆ ಸರಿಯುವ ಹಾಗಾಯಿತು. ತಮ್ಮ ಈ ವೀಣೆಯ ಹುಚ್ಚನ್ನೇ ವಸ್ತುವಾಗಿ ಇಟ್ಟುಕೊಂಡು ಅವರು ಒಂದು ಚಿತ್ರವನ್ನೂ ಬರೆದರು! ಅಲ್ಲಿಗೂ ನಿಲ್ಲಲಿಲ್ಲ; ಪ್ಲಾಸ್ಟರ್‌ನಲ್ಲಿ ಉಬ್ಬುಶಿಲ್ಪಗಳನ್ನು ಮಾಡಿದರು. ಊಟಿ, ಕೊಡೈಕನಾಲ್‌ಗಳ ಬೆಟ್ಟಗಳ ಮೇಲೆ ಮೋಡ ಇಳಿಯುವುದನ್ನು ಜಲವರ್ಣದಲ್ಲಿ ಹಿಡಿದರು. ಆ ದೃಶ್ಯಗಳನ್ನು ನೋಡುತ್ತ ನಿಂತರೆ, ತಂತಿಯನ್ನು ಮೀಟಿದ ಮೇಲೆ ನಾದ ಮೆಲ್ಲಗೆ ಕರಗುವ ಹಾಗೆ ಒಂದು ಬಣ್ಣ ಇನ್ನೊಂದರಲ್ಲಿ ಕರಗುವುದನ್ನು ಕಾಣುತ್ತೇವೆ. ವೀಣೆಗೆ ಕೊಟ್ಟ ವರ್ಷಗಳು ಚಿತ್ರಕ್ಕೆ ನಷ್ಟವಾದುವೆಂದು ಹೇಳಲು ನಮಗಂತೂ ನಾಲಗೆ ಏಳುವುದಿಲ್ಲ. 1965ರಲ್ಲಿ ಅವರು ತೀರಿಕೊಂಡರು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿರುವ ಕಲಾಸಂಗ್ರಹಾಲಯಕ್ಕೆ ಅವರದೇ ಹೆಸರು.

ಮೂರನೆಯ ಪ್ರಶ್ನೆ ಹೊಟ್ಟೆಯದು. ಅದನ್ನು ಮರೆತು ಕಲೆಯ ಮಾತಾಡುವುದು ಉಂಡವರ ಮಾತಾಗುತ್ತದೆ. ಇದಕ್ಕೆ ಮದರಾಸಿನ ಕಡೆ ನೋಡಬೇಕು. ಮೈಸೂರಿನಲ್ಲಿ 1941ರಲ್ಲಿ ಹುಟ್ಟಿದ ಎಸ್. ಜಿ. ವಾಸುದೇವ್ ಅವರು ಮದರಾಸಿನ ಸರ್ಕಾರಿ ಕಲಾಶಾಲೆಯಲ್ಲಿ ಕೆ. ಸಿ. ಎಸ್. ಪಣಿಕ್ಕರ್ ಎಂಬ ಅಪರೂಪದ ಗುರುವಿನ ಬಳಿ ಓದಿದರು. ಕಲಾಶಾಲೆಯಿಂದ ಹೊರಬಂದ ಹುಡುಗರು ಬದುಕುವುದು ಹೇಗೆ ಎಂಬ ಚಿಂತೆ ಆ ಗುರುವಿಗೂ ಇತ್ತು. ಚಿತ್ರ ಮಾರಾಟವಾಗುವ ಕಾಲ ಅದಲ್ಲ. ಅವರು ಹಾಕಿಕೊಟ್ಟ ದಾರಿ ಹೀಗೆ: ಎಲ್ಲರೂ ಸೇರಿ ಕೈಕಸಬು ಮಾಡುವುದು, ಬಾತಿಕ್ ಬಟ್ಟೆ ಮೊದಲಾದುವನ್ನು ಮಾರುವುದು, ಬಂದ ಹಣದಲ್ಲಿ ಬದುಕುತ್ತ ಚಿತ್ರವನ್ನು ಮಾರಾಟದ ಹಂಗಿಲ್ಲದೆ ಬರೆಯುವುದು. ಹೀಗೆ ಕೂಡಿಸಿದ ಹಣದಿಂದ ಸಮುದ್ರದ ದಂಡೆಯಲ್ಲಿ ಭೂಮಿ ಕೊಂಡು 1966ರಲ್ಲಿ ಚೋಳಮಂಡಲವೆಂಬ ಕಲಾವಿದರ ಗ್ರಾಮವನ್ನು ಕಟ್ಟಿದರು. ಅದನ್ನು ಕಟ್ಟಿದವರಲ್ಲಿ ವಾಸುದೇವ್ ಅವರೂ ಒಬ್ಬರು.

ಇಲ್ಲಿ ಗಮನಿಸಬೇಕಾದ ಅಂಶ ಏನೆಂದರೆ ಹೊಟ್ಟೆಗಾಗಿ ಕಲಿತ ಕಸಬು ಚಿತ್ರಕ್ಕೆ ಅಡ್ಡಿಯಾಗಲಿಲ್ಲ. ವಾಸುದೇವ್ ಅವರು ತಾಮ್ರದ ತಗಡಿನಲ್ಲಿ ಉಬ್ಬುಚಿತ್ರ ಮಾಡಿದರು. ನೇಕಾರರೊಡನೆ ಸೇರಿ ರೇಷ್ಮೆಯ ನೇಯ್ಗೆಯಲ್ಲಿ ಚಿತ್ರ ಮೂಡಿಸಿದರು. ಬೇಂದ್ರೆಯವರ ಕಾವ್ಯದಿಂದ ಸ್ಫೂರ್ತಿ ಪಡೆದು ವೃಕ್ಷದ ಚಿತ್ರಗಳನ್ನು ಬರೆದರು. 1970ರಲ್ಲಿ ತೆರೆಗೆ ಬಂದ 'ಸಂಸ್ಕಾರ' ಚಲನಚಿತ್ರಕ್ಕೆ ಕಲಾನಿರ್ದೇಶನ ಮಾಡಿದವರೂ ಅವರೇ. ಕಾವ್ಯ, ನೇಯ್ಗೆ, ಲೋಹ, ಸಿನಿಮಾ — ನೋಡುವವರಿಗೆ ನಾಲ್ಕು ಬಾಗಿಲು; ಒಳಗೆ ಮನೆ ಒಂದೇ.

ಹಾಗಾದರೆ ಮಕ್ಕಳು ಹಿಡಿದದ್ದನ್ನೆಲ್ಲಾ ಬಿಡಲಿ, ಬಿಟ್ಟದ್ದನ್ನೆಲ್ಲಾ ಹಿಡಿಯಲಿ ಎಂದು ನಾವು ಹೇಳುತ್ತೇವೆಯೆ? ಖಂಡಿತ ಇಲ್ಲ. ಅಲೆದಾಟವೇ ಬೇರೆ, ಹುಡುಕಾಟವೇ ಬೇರೆ. ಎರಡೂ ದೂರದಿಂದ ಒಂದೇ ಹಾಗೆ ಕಾಣುತ್ತವೆ. ತಂದೆತಾಯಿಗಳಿಗೆ ಭಯವಾಗುವುದು ಇದರಿಂದಲೇ. ಗುರುತಿಸುವ ಬಗೆ ಮಾತ್ರ ಕಷ್ಟದ್ದಲ್ಲ. ಅಲೆಯುವವನು ಒಂದು ವಿದ್ಯೆ ಕಠಿಣವಾದ ಕೂಡಲೆ ಇನ್ನೊಂದಕ್ಕೆ ಹಾರುತ್ತಾನೆ. ಹಿಂದಿನದರಿಂದ ಏನನ್ನೂ ತರುವುದಿಲ್ಲ. ಹುಡುಕುವವನು ಒಂದು ಪ್ರಶ್ನೆಯನ್ನು ಗಂಟು ಕಟ್ಟಿಕೊಂಡು ಬಾಗಿಲಿಂದ ಬಾಗಿಲಿಗೆ ಹೋಗುತ್ತಾನೆ; ಪ್ರತಿ ಮನೆಯಿಂದಲೂ ಏನಾದರೊಂದನ್ನು ತಂದು ತನ್ನ ಬುಟ್ಟಿಗೆ ಹಾಕಿಕೊಳ್ಳುತ್ತಾನೆ. ಹೆಬ್ಬಾರರಿಗೆ ಇದ್ದದ್ದು ಲಯದ ಪ್ರಶ್ನೆ. ಮಗುವಿಗೆ ಒಂದು ಪ್ರಶ್ನೆ ಇದೆಯೆ ಎಂಬುದನ್ನು ನೋಡಬೇಕು. ಇದ್ದರೆ ಹೆದರಬೇಕಾಗಿಲ್ಲ.

ಈ ಮಾತನ್ನು ಪರೀಕ್ಷಿಸಿಯೇ ಬಿಡೋಣವೆಂದು ಮುಂದಿನ ಭಾನುವಾರ ನಾವು ಮತ್ತೆ ಡೊಂಬಿವಲಿಗೆ ಹೋದೆವು. ಹುಡುಗಿ ಈ ತನಕ ಮಾಡಿದ್ದನ್ನೆಲ್ಲಾ ನೆಲದ ಮೇಲೆ ಹರಡಬೇಕು, ನಾವೆಲ್ಲರೂ ಸುಮ್ಮನೆ ನೋಡಬೇಕು ಎಂದು ಒಪ್ಪಂದವಾಯಿತು. ಜಮಖಾನೆ ತೆಗೆದು, ಕುರ್ಚಿ ಸರಿಸಿ, ಗೋಡೆಯಿಂದ ಗೋಡೆಗೆ ಎಲ್ಲವನ್ನೂ ಹರವಿದಳು. ಬಣ್ಣದ ಚಿತ್ರಗಳು, ಮಣ್ಣಿನ ಎರಡು ಹೂಜಿಗಳು, ಮರದ ಹಲಗೆಯಿಂದ ತೆಗೆದ ಅಚ್ಚುಗಳು, ಲೋಕಲ್ ರೈಲಿನ ಜನರನ್ನು ಪೆನ್ಸಿಲಿನಿಂದ ಬರೆದ ನಾಲ್ಕು ಪುಸ್ತಕಗಳು. ತಂದೆ ಕೈಕಟ್ಟಿಕೊಂಡು ನಿಂತಿದ್ದರು. ನಮಗೂ ಮೊದಲಿಗೆ ಏನೂ ತೋಚಲಿಲ್ಲ. ನಾಲ್ಕು ಜನ ಮಾಡಿದ ನಾಲ್ಕು ಬಗೆಯ ಕೆಲಸದ ಹಾಗೆ ಕಂಡಿತು.

ಚಹಾ ತಂದ ತಾಯಿ ತಟ್ಟೆಯನ್ನು ಹಿಡಿದುಕೊಂಡೇ ನಿಂತರು. ಆಮೇಲೆ ಬಗ್ಗಿ ಒಂದು ಅಚ್ಚನ್ನು ನೋಡಿದರು, ಹೂಜಿಯ ಕುತ್ತಿಗೆಯನ್ನು ನೋಡಿದರು. "ಇದೆಲ್ಲಾ ಅತ್ತಿಯವರ ಹೊಲಿಗಿ ಆಗೇದಲ್ಲ!" ಎಂದರು.

ಎಲ್ಲರೂ ನೋಡಿದೆವು. ಹೌದು. ಮರದ ಅಚ್ಚಿನಲ್ಲಿ ಮಳೆಯನ್ನು ಸಣ್ಣ ಸಣ್ಣ ತುಂಡು ಗೆರೆಗಳಿಂದ, ಸಾಲು ಸಾಲಾಗಿ, ಅಂಚಿನಿಂದ ಒಳಕ್ಕೆ ಸುತ್ತುತ್ತ ಕೆತ್ತಿದ್ದಳು. ಹೂಜಿಯ ಮೇಲೆ ಕಡ್ಡಿಯಿಂದ ಗೀರಿದ್ದೂ ಅದೇ ಗೆರೆ. ಬಣ್ಣದ ಚಿತ್ರದಲ್ಲಿ ಚಾಳಿನ ಕಿಟಕಿಗಳು ತೇಪೆ ಹಾಕಿದ ಹಾಗೆ ಒಂದರ ಪಕ್ಕಕ್ಕೆ ಒಂದು ಕುಳಿತಿದ್ದುವು. ತಂದೆ ಮಾತಾಡದೆ ಒಳಗೆ ಹೋಗಿ ಅಟ್ಟದ ಮೇಲಿನ ಟ್ರಂಕಿನಿಂದ ಒಂದು ಕೌದಿಯನ್ನು ತಂದು ಅಚ್ಚುಗಳ ಪಕ್ಕದಲ್ಲಿ ಹಾಸಿದರು. ಹಳೆಯ ಇಳಕಲ್ ಸೀರೆಗಳ, ಧೋತರಗಳ ತುಂಡುಗಳನ್ನು ಸೇರಿಸಿ ಅವರ ತಾಯಿ ಹೊಲಿದದ್ದು. ಈ ಮಗಳು ಹುಟ್ಟಿದಾಗ ಊರಿಂದ ಕಳಿಸಿಕೊಟ್ಟದ್ದು. ಅಂಚಿನಿಂದ ನಡುವಿನ ತನಕ ಅದೇ ಓಟದ ಹೊಲಿಗೆ, ಸಾಲಿನ ಮೇಲೆ ಸಾಲು.

"ನಾ ಬೇಕಂತ ಮಾಡಿಲ್ಲಪಾ," ಎಂದಳು ಹುಡುಗಿ. "ಕೈ ಅದರ ಕಡೇನ ಹೋಗತದ."

ತಂದೆ ಆ ಕೌದಿಯ ಮೇಲೆ ಕೈಯಾಡಿಸುತ್ತ ಬಹಳ ಹೊತ್ತು ಕುಳಿತರು. ಅವರ ತಾಯಿ ಹೋಗಿ ಒಂಬತ್ತು ವರ್ಷಗಳಾದುವು. ಅಕ್ಷರ ಬಾರದ ಆ ಮುದುಕಿಯನ್ನು ಯಾರೂ ಕಲಾವಿದೆಯೆಂದು ಕರೆದಿರಲಿಲ್ಲ. ಆದರೆ ನಾಲ್ಕು ವಿದ್ಯೆಗಳ ಬಾಗಿಲು ತಟ್ಟಿದ ಮೊಮ್ಮಗಳಿಗೆ ಮೊದಲ ಗುರುವಾಗಿ ಸಿಕ್ಕವಳು ಅವಳೇ. ಪ್ಯಾರಿಸ್ಸಿನ ದಾರಿ ಕಟ್ಟಿಂಗೇರಿಗೆ ಬಂದು ಕೂಡಿದ ಹಾಗೆ ಇವಳ ದಾರಿಯೂ ಗದಗಿನ ಒಂದು ಪಡಸಾಲೆಗೆ ಬಂದು ಕೂಡಿತು.

ಫಾರಂ ಹೋಯಿತು. ಜವಳಿ ವಿನ್ಯಾಸವೆಂದು ಅವಳೇ ಬರೆದಳು. ತಂದೆ ರುಜು ಹಾಕಿದರು. ಕಥಕ್ಕಿನ ಶುಲ್ಕವನ್ನು ಮಾತ್ರ ತಾವು ಕೊಡುವುದಿಲ್ಲವೆಂದು ಗಟ್ಟಿಯಾಗಿ ಹೇಳಿದರು. ಹುಡುಗಿ ತಮ್ಮ ಸೊಸೈಟಿಯ ಚಿಕ್ಕ ಮಕ್ಕಳಿಗೆ ಶನಿವಾರ ಚಿತ್ರ ಹೇಳಿಕೊಟ್ಟು ಆ ಹಣವನ್ನು ತಾನೇ ಕೂಡಿಸುತ್ತಿದ್ದಾಳೆ. ಮುಂದೆ ಕೆಲಸ ಸಿಗುತ್ತದೆಯೆ, ಹೆಸರು ಬರುತ್ತದೆಯೆ? ಇಂದೇ ಹೇಳುವುದು ಯಾರಿಂದಲೂ ಸಾಧ್ಯವಿಲ್ಲ. ತಂದೆಯ ಚಿಂತೆ ಪೂರ್ತಿ ಹೋಗಿಲ್ಲ. ಹೋಗಬೇಕೆಂದೂ ನಾವು ಹೇಳುವುದಿಲ್ಲ. ಆದರೆ ಮನೆಯಲ್ಲಿ ಈಗ ಇಬ್ಬರೂ ಒಂದೇ ಕಡೆ ಮುಖ ಮಾಡಿ ಕುಳಿತಿದ್ದಾರೆ.

ಇಂಥ ಮಕ್ಕಳಿರುವ ನಮ್ಮ ಓದುಗರಿಗೆ ಎರಡು ಮಾತು. ಮೊದಲನೆಯದು, ಮಕ್ಕಳನ್ನು ಒಳ್ಳೆಯ ಕೆಲಸದ ಎದುರಿಗೆ ಕರೆದುಕೊಂಡು ಹೋಗಿ ನಿಲ್ಲಿಸಿರಿ. ಸ್ಫೂರ್ತಿ ಕೊಡುವ ಕಲಾವಿದ ಎಲ್ಲಿ ಸಿಗುತ್ತಾನೆಂದು ಮುಂಚೆ ಹೇಳಲಾಗುವುದಿಲ್ಲ. ಮುಂಬಯಿಯವರಿಗೆ ಜಹಾಂಗೀರ್ ಗ್ಯಾಲರಿಯೂ ಎದುರಿನ ಕಾವಸಜಿ ಜಹಾಂಗೀರ್ ಹಾಲಿನಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾಸಂಗ್ರಹಾಲಯವೂ ಉಂಟು. ಪುಣೆಯವರಿಗೆ ರಾಜಾ ದಿನಕರ ಕೇಳಕರ ವಸ್ತುಸಂಗ್ರಹಾಲಯ; ಅಲ್ಲಿನ ದೀಪಗಳನ್ನೂ ಅಡಕೊತ್ತುಗಳನ್ನೂ ನೋಡಿದರೆ ನಿತ್ಯದ ಸಾಮಾನಿನಲ್ಲಿ ಎಷ್ಟು ಕಲೆ ಇದೆಯೆಂದು ತಿಳಿಯುತ್ತದೆ. ಚೆನ್ನೈಯವರಿಗೆ ಎಗ್ಮೋರಿನ ಕಂಚಿನ ವಿಗ್ರಹಗಳೂ ಚೋಳಮಂಡಲವೂ, ಹೈದರಾಬಾದಿನವರಿಗೆ ಸಾಲಾರ್‌ಜಂಗ್, ದೆಹಲಿಯವರಿಗೆ ಜಯಪುರ ಹೌಸಿನಲ್ಲಿರುವ ಅಮೃತಾ ಶೇರ್‌ಗಿಲ್‌ಳ ಚಿತ್ರಗಳ ದೊಡ್ಡ ಸಂಗ್ರಹ. ರಜೆಯಲ್ಲಿ ಊರಿಗೆ ಹೋದಾಗ ಒಂದು ದಿನವನ್ನು ಬೆಂಗಳೂರಿಗೆ ಎತ್ತಿಡಿರಿ. ವೆಂಕಟಪ್ಪನವರ ಹೆಸರಿನ ಸಂಗ್ರಹಾಲಯಕ್ಕೆ ಹೆಬ್ಬಾರರ ಚಿತ್ರಗಳೂ ಸೇರಿವೆ. ವೀಣೆ ಹಿಡಿದವರೂ ಗೆಜ್ಜೆ ಕಟ್ಟಿದವರೂ ಅಲ್ಲಿ ಒಂದೇ ಸೂರಿನ ಕೆಳಗಿದ್ದಾರೆ.

ಎರಡನೆಯದು, ಟ್ರಂಕುಗಳನ್ನು ತೆರೆಯಿರಿ. ಅಜ್ಜಿಯ ಕೌದಿ, ಅತ್ತೆಯ ಕಸೂತಿಯ ಕುಬಸ, ಚಿಕ್ಕಪ್ಪನ ಯಕ್ಷಗ���ನದ ಕಿರೀಟ, ಮಲೆನಾಡಿನ ಹಸೆ ಚಿತ್ತಾರದ ಒಂದು ಬುಟ್ಟಿ — ಹೊರನಾಡಿಗೆ ಬರುವಾಗ ನಾವು ಏನೇನನ್ನೋ ತಂದಿದ್ದೇವೆ; ತಂದದ್ದನ್ನು ಮರೆತಿದ್ದೇವೆ. ಕಸೂತಿಯ ಗವಂತಿ, ಮುರಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳ ಹೆಸರು ನಮ್ಮಲ್ಲಿ ಎಷ್ಟು ಮಕ್ಕಳಿಗೆ ಗೊತ್ತು? ಎಳೆ ಎಣಿಸಿ ಹಾಕುವ ಈ ಕಸೂತಿಯಲ್ಲಿ ಗವಂತಿ, ಮುರಗಿಗಳು ಬಟ್ಟೆಯ ಎರಡೂ ಮಗ್ಗುಲಿಗೆ ಒಂದೇ ಸಮನಾಗಿ ಕಾಣುತ್ತವೆ, ಗಂಟು ಎಲ್ಲಿಯೂ ಕಾಣುವುದಿಲ್ಲ ಎಂದು ಯಾವ ಕಲಾಶಾಲೆಗಿಂತ ಮೊದಲು ಹೇಳಬೇಕಾದವರು ನಾವಲ್ಲವೆ?

ನಮ್ಮ ತಮ್ಮನಿಗೆ ಈ ಕಥೆಯನ್ನೆಲ್ಲಾ ಹೇಳಿದೆವು. ಅವನು ಕೇಳಿ ನಕ್ಕ. ಮರುವಾರ ಟಪಾಲಿನಲ್ಲಿ ಹತ್ತಿಯಲ್ಲಿ ಸುತ್ತಿದ ಒಂದು ಸಣ್ಣ ಡಬ್ಬಿ ಬಂದಿತು. ಒಳಗೆ ಸೀಮೆಸುಣ್ಣದಲ್ಲಿ ಕೆತ್ತಿದ ಗಣಪತಿ. ಕಣ್ಣು ಮಂದವಾಗಿರುವುದರಿಂದ ಸೊಂಡಿಲು ಸ್ವಲ್ಪ ಓರೆಯಾಗಿದೆ. ಡೊಂಬಿವಲಿಯ ಹುಡುಗಿಗೆ ಕೊಡಿರೆಂದು ಚೀಟಿಯಲ್ಲಿ ಬರೆದಿದ್ದ. ಕೊಟ್ಟು ಬಂದೆವು.